ಗೋಲು ತಡೆದವರನ್ನು ಕೇಳುವವರು ಯಾರು?

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಾಗ, '54 ವರ್ಷದ ಮೇಲೆ' ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಹಿಂದಿನ ಸಲ, 1968-69ರಲ್ಲಿ ಗೆದ್ದದ್ದು ಮೈಸೂರು ತಂಡ. ಹೆಸರು ಮೈಸೂರಿನದು, ಆಟ ಮಾತ್ರ ಬೆಂಗಳೂರಿನದು!

ಅದಕ್ಕೂ ಮುಂಚಿನ ಕಾಲದ ಬೆಂಗಳೂರಿನ ಕೆಂಪಯ್ಯನವರ ಹೆಸರು ಈಗ ಎಷ್ಟು ಜನಕ್ಕೆ ಗೊತ್ತು? 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿದ್ದರು. 1960ರ ರೋಮ್‌ನಲ್ಲೂ ಇದ್ದರು. ಕಲ್ಕತ್ತೆಯ ಮೋಹನ್ ಬಗಾನ್‌ಗೂ ಆಡಿದರು. ಅವರದು ಹಾಫ್ ಬ್ಯಾಕ್ ಜಾಗ. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಗಲ್ಲಾ ಕಾಯುವವನೂ ಅವನೇ, ಮಾಲು ತೂಗಿ ಕೊಡುವವನೂ ಅವನೇ. ಮೆಲ್ಬರ್ನ್ ಅಂದರೆ ಜನಕ್ಕೆ ನೆನಪಾಗುವುದು ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ.

ಪ್ರಶಸ್ತಿಯ ಕತೆಯೂ ಅಷ್ಟೇ. 1961ರಿಂದ ಮೊದಲ ಮೂರು ಅರ್ಜುನ ಪ್ರಶಸ್ತಿ ಮುಂಚೂಣಿಯ ಬ್ಯಾನರ್ಜಿ, ಬಲರಾಂ, ಗೋಸ್ವಾಮಿಗೆ ಹೋದವು. ಹಿಂದೆ ನಿಂತು ಕಾದ ಜರ್ನೈಲ್ ಸಿಂಗ್‌ಗೆ 1964ರಲ್ಲಿ ಬಂತು. ಕೆಂಪಯ್ಯ ಆ ಪಟ್ಟಿಯಲ್ಲಿ ಸೇರಲೇ ಇಲ್ಲ, 2008ರಲ್ಲಿ ತೀರಿಕೊಂಡರು.

ಪ್ರಶಸ್ತಿ ಹೋಗಲಿ, ಹೊಟ್ಟೆಪಾಡು? ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಲ್ಲಿ ಕೆಲಸ ಸಿಕ್ಕವನಿಗೆ ಮೊಣಕಾಲು ಕೈಕೊಟ್ಟರೂ ಸಂಬಳ ನಿಲ್ಲುತ್ತಿರಲಿಲ್ಲ. ಈಗಿನದು ಕರಾರಿನ ಆಟ. ದುಡ್ಡೇನೋ ಜಾಸ್ತಿ, ಆದರೆ 2010ರಲ್ಲಿ ಮುಂಬಯಿಯ ಮಹೀಂದ್ರ ಯುನೈಟೆಡ್, 2011ರಲ್ಲಿ ಪಂಜಾಬಿನ ಜೆಸಿಟಿ ಬಾಗಿಲು ಹಾಕಿದವು. ಗೋಲು ಹೊಡೆಯುವವನಿಗೆ ಜಾಹೀರಾತಾದರೂ ಸಿಕ್ಕೀತು. ಮೈಸೂರಿನ ಮೈದಾನದಲ್ಲಿ ಹಿಂದೆ ನಿಂತು ಚೆಂಡು ತಡೆಯುವ ಹುಡುಗನ ಅಪ್ಪ, 'ಮೂವತ್ತೈದಾದ ಮೇಲೆ ಏನಪ್ಪಾ ಮಾಡ್ತೀಯ?' ಅಂದರೆ ಅವನ ಹತ್ತಿರ ಉತ್ತರವಿಲ್ಲ.