ನಲ್ಲಿ ಬಂತು, ನೀರು ಶುದ್ಧವೇ?
ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಊರಿನಲ್ಲಿ ಮನೆಮುಂದೆ ನಲ್ಲಿ ಬಂದರೆ ಅರ್ಧ ಕೆಲಸವಷ್ಟೇ ಆದಂತೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನ ಗುರಿ ದಿನಕ್ಕೆ ತಲಾ 55 ಲೀಟರ್ ನೀರು ಮಾತ್ರವಲ್ಲ, ಶುದ್ಧ ನೀರು. 2024ರ ಜೂನ್‌ನಲ್ಲಿ ಅದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿ ಹರಡಿ ಜೀವಗಳೇ ಹೋದವು. ಶಂಕೆ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಚರಂಡಿಯಲ್ಲಿ ಹಾದ ಪೈಪು ಒಡೆದಿದ್ದರೆ, ನೀರು ನಿಂತ ಹೊತ್ತಿನಲ್ಲಿ ಕೊಳೆ ಒಳಗೆ ನುಗ್ಗುತ್ತದೆ. ಅದಕ್ಕೆ ಕಾವಲು ಕ್ಲೋರಿನ್. ನೀರಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಲದು; ಊರಿನ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ದ್ರಾವಣದ ಕೆಲವು ಹನಿ ಬಿಟ್ಟಾಗ ತಿಳಿಹಳದಿ ಮೂಡಿದರೆ ಕಾವಲಿದೆ ಎಂದರ್ಥ. ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಮಾತ್ರ ಕಣ್ಣಿಗೆ ಕಾಣದು, ಕುದಿಸಿದರೂ ಹೋಗದು, ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ, ಹಿರಿಯರ ಮೂಳೆಗೆ ಕುತ್ತು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ನಿಯಮವಿದೆ. ಮುಂದಿನ ಗ್ರಾಮಸಭೆಯಲ್ಲಿ ಕೈಯೆತ್ತಿ ಕೇಳಿ: ನಮ್ಮೂರ ನೀರಿನ ಪರೀಕ್ಷೆಯ ವರದಿ ಎಲ್ಲಿ?