ಕಾಗದವಿಲ್ಲದ ಕಾವಲುಗಾರ

ಕಳೆದ ಚಳಿಗಾಲದ ಮಾತು. ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ತರಗತಿಗೆ ಹೋಗುವ ಹೊತ್ತಿಗೆ ಏಳನೇ ಇಯತ್ತೆಯ ಹುಡುಗನೊಬ್ಬ ಮಡಚಿದ ಕಾಗದ ಹಿಡಿದು ನಮ್ಮ ಮೇಜಿನ ಮುಂದೆ ಬಂದು ನಿಂತ. "ಗುರೂಜಿ, ಇದನ್ನ ತುಂಬಿ ಕೊಡ್ರಿ. ನಮ್ಮ ಕರಿಯಾನ್ನ ಪ್ರದರ್ಶನಕ್ಕ ಒಯ್ಯೋದೈತ್ರಿ" ಎಂದ.

ಕರಿಯಾ ಎಂದರೆ ಅವರ ಕುರಿಹಿಂಡಿನ ನಾಯಿ. ಕಾಗದ ಬಿಚ್ಚಿ ನೋಡಿದರೆ ಕಾವಲು ಮತ್ತು ರಕ್ಷಣೆಯ ನಾಯಿಗಳ ಪ್ರದರ್ಶನದ ಪ್ರವೇಶ ಅರ್ಜಿ. ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಇಂಗ್ಲಿಷ್. ಹುಡುಗನಿಗೆ ಮರಾಠಿ ಓದಲು ಬರುತ್ತದೆ, ನಮ್ಮ ಶಾಲೆಯಲ್ಲಿ ಅದೂ ಒಂದು ವಿಷಯ. ಆದರೆ ಅಲ್ಲಿ ಕೇಳಿದ್ದು ನಾಯಿಯ ತಂದೆಯ ಹೆಸರು, ತಾಯಿಯ ಹೆಸರು, ನೋಂದಣಿ ಸಂಖ್ಯೆ, ಮೈಕ್ರೋಚಿಪ್ ಸಂಖ್ಯೆ! ಹುಡುಗ ತಲೆ ಕೆರೆದುಕೊಂಡ. "ಅವ್ವ ನಮ್ಮ ಕಾಕಾನ ಹಿಂಡಿನ ಬೆಳ್ಳಿ. ಅಪ್ಪ ಯಾರಂತ ಗೊತ್ತಿಲ್ರಿ" ಎಂದ. ಗೊತ್ತಿದ್ದಷ್ಟು ತುಂಬಿದೆವು. ಉಳಿದದ್ದನ್ನು ಖಾಲಿ ಬಿಟ್ಟೆವು.

ನಮ್ಮದು ಜತ್ ತಾಲೂಕಿನ ಪೂರ್ವದ ಕಡೆಯ ಹಳ್ಳಿ. ಮಳೆ ಕಡಿಮೆ, ಕುರಿ ಜಾಸ್ತಿ. ಫಸಲು ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡ್ರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ರಾತ್ರಿ ತೋಳದ ಭಯ, ಕಳ್ಳರ ಭಯ. ಹಿಂಡಿನ ಸುತ್ತ ಬಲೆ ಕಟ್ಟಿ ಕುರುಬ ಮಲಗುತ್ತಾನೆ, ಎಚ್ಚರವಾಗಿರುವುದು ನಾಯಿ. ಇದಕ್ಕಿಂತ ದೊಡ್ಡ ಕಾವಲು ಯಾವುದಿದೆ ಎಂದು ಹುಡುಗನೂ ಅವನ ಅಪ್ಪನೂ ನಂಬಿದ್ದರು. ನಾವೂ ನಂಬಿದ್ದೆವು.

ಭಾನುವಾರ ಟೆಂಪೋದಲ್ಲಿ ಕರಿಯಾನನ್ನು ಹತ್ತಿಸಿಕೊಂಡು ಹೋದೆವು. ಬಾಗಿಲಲ್ಲೇ ತಡೆದರು. ತಡೆದವರು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. "ನೋಂದಣಿಯಾದ ತಳಿಗೆ ಮಾತ್ರ ಪ್ರವೇಶ. ಇದು ಗಾವಠಿ ನಾಯಿ" ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ, "ರೇಬೀಸ್ ಲಸಿಕೆಯ ಪ್ರಮಾಣಪತ್ರ ಎಲ್ಲಿದೆ?" ಎಂದು ಕೇಳಿದರು. ಅದೂ ಇರಲಿಲ್ಲ. ಹುಡುಗ ನಮ್ಮ ಮುಖ ನೋಡಿದ. ನಮ್ಮ ಬಳಿ ಉತ್ತರವಿರಲಿಲ್ಲ.

ಅಪ್ಪ ನಾಯಿಯೊಂದಿಗೆ ಹೊರಗೆ ಬೇವಿನ ಮರದ ನೆರಳಲ್ಲಿ ಕುಳಿತ. ನಾವು ಹುಡುಗನನ್ನು ಕರೆದುಕೊಂಡು ಒಳಗೆ ಹೋದೆವು. ರಾಟ್‌ವೈಲರ್, ಡಾಬರ್‌ಮನ್, ಜರ್ಮನ್ ಶೆಫರ್ಡ್... ಒಂದಕ್ಕಿಂತ ಒಂದು ಚೆಂದದ ನಾಯಿಗಳು. ತೀರ್ಪುಗಾರರು ಪ್ರತಿ ನಾಯಿಯ ಹಲ್ಲು ನೋಡಿದರು, ಬೆನ್ನು ಸವರಿದರು, ಓಡಿಸಿ ನಡಿಗೆ ನೋಡಿದರು. ಒಂದು ದೊಡ್ಡ ನಾಯಿ ತೀರ್ಪುಗಾರರ ಮೇಲೆಯೇ ಹಾರಲು ಹೋಯಿತು. ಸುತ್ತ ನಿಂತ ಹುಡುಗರು ಸೀಟಿ ಹೊಡೆದರು. ತೀರ್ಪುಗಾರರು ಮಾತ್ರ ಒಂದೂ ಮಾತಾಡದೆ ಅದನ್ನು ಅಂಗಳದಿಂದ ಹೊರಗೆ ಕಳಿಸಿದರು. ಅಲ್ಲಿ ನಮಗೆ ಒಂದು ಪಾಠವಾಯಿತು.

ಕಾವಲು ನಾಯಿ ಎಂದರೆ ಕಂಡಕಂಡವರನ್ನು ಕಚ್ಚುವ ನಾಯಿ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ ಓದುಗರೇ. ರಕ್ಷಣೆಯ ನಾಯಿಗಳಿಗೆ ಜಗತ್ತಿನ ಹಲವು ದೇಶಗಳಲ್ಲಿ ಐಜಿಪಿ ಎಂಬ ಪರೀಕ್ಷೆ ನಡೆಯುತ್ತದೆ. ಹಿಂದೆ ಇದನ್ನು ಷುಟ್ಸ್‌ಹುಂಡ್ ಎನ್ನುತ್ತಿದ್ದರು. ವಾಸನೆ ಹಿಡಿದು ಜಾಡು ಹುಡುಕುವುದು, ಹೇಳಿದ ಮಾತು ಕೇಳುವುದು, ರಕ್ಷಣೆ ಎಂದು ಮೂರು ಪತ್ರಿಕೆ. ಒಂದೊಂದಕ್ಕೂ 100 ಅಂಕ. ರಕ್ಷಣೆಯ ಪತ್ರಿಕೆಯಲ್ಲಿ ನಾಯಿ ಎಷ್ಟು ಗಟ್ಟಿಯಾಗಿ ಹಿಡಿಯಿತು ಎನ್ನುವುದಷ್ಟೇ ಮುಖ್ಯವಲ್ಲ, ಯಜಮಾನ "ಬಿಡು" ಎಂದಾಗ ಬಿಟ್ಟಿತೇ ಎಂದೂ ನೋಡುತ್ತಾರೆ. ಮತ್ತೆ ಮತ್ತೆ ಹೇಳಿದರೂ ಬಿಡದ ನಾಯಿ ಪರೀಕ್ಷೆಯಿಂದಲೇ ಹೊರಗೆ. ಕಚ್ಚುವುದನ್ನು ಯಾವ ನಾಯಿಯೂ ಕಲಿಯುತ್ತದೆ, ಬಿಡುವುದನ್ನು ಕಲಿಸುವುದೇ ಕಷ್ಟ.

ಸರಪಳಿಯಲ್ಲಿ ಕಟ್ಟಿ, ಕೆಣಕಿ, ಉಗ್ರ ಮಾಡಿದ ನಾಯಿ ಮನೆಗೆ ಕಾವಲಲ್ಲ, ಅಪಾಯ. ಇಂತಹ ಸಾಕಾಣಿಕೆಯ ಫಲ ಏನಾಯಿತು? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್, ಪಿಟ್‌ಬುಲ್ ಮೊದಲಾದ 23 ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂದು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಕೋರ್ಟಿನ ಮಾತು ಇರಲಿ, ಸುತ್ತೋಲೆ ಹೊರಡಿಸುವ ಪರಿಸ್ಥಿತಿ ತಂದವರು ಯಾರು? ನಾಯಿಗಳಂತೂ ಅಲ್ಲ.

ಈಗ ಕರಿಯಾನ ವಿಷಯಕ್ಕೆ ಬರೋಣ. ತಳಿಯ ಸ್ಪರ್ಧೆಗೆ ಕಾಗದ ಬೇಕು ಎನ್ನುವುದು ತಪ್ಪಲ್ಲ. ಯಾವ ನಾಯಿಯಿಂದ ಮುಂದಿನ ಪೀಳಿಗೆ ಬೆಳೆಸಬೇಕು ಎಂದು ತೀರ್ಮಾನಿಸಲಿಕ್ಕೇ ಇಂತಹ ಪ್ರದರ್ಶನಗಳು ಹುಟ್ಟಿದವು. ಅಪ್ಪ ಅವ್ವ ಯಾರೆಂದು ತಿಳಿಯದಿದ್ದರೆ ಆ ಲೆಕ್ಕ ನಡೆಯುವುದಿಲ್ಲ. ಒಪ್ಪಿದೆವು. ಆದರೆ ಆ ಕಾಗದ ಮೊದಲು ಎಲ್ಲಿಂದ ಬಂತು ಎಂದೂ ಕೇಳಬೇಕಲ್ಲವೇ?

ಅಂದು ಎಲ್ಲರೂ ಬೆರಗಾಗಿ ನೋಡಿದ ಜರ್ಮನ್ ಶೆಫರ್ಡ್ ಮೂಲದಲ್ಲಿ ಯಾರ ನಾಯಿ? ಹೆಸರೇ ಹೇಳುತ್ತದೆ, ಕುರುಬರ ನಾಯಿ! 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನಿಯ ಸೇನಾಧಿಕಾರಿ ಒಂದು ನಾಯಿ ಪ್ರದರ್ಶನದಲ್ಲಿ ಕುರಿ ಕಾಯುವ ಜಾತಿಯ ನಾಯಿಯೊಂದನ್ನು ಕಂಡ. ಕೊಂಡುಕೊಂಡು ಹೊರಾಂಡ್ ಎಂದು ಹೆಸರಿಟ್ಟ. ಸಂಘ ಕಟ್ಟಿ, ಪುಸ್ತಕ ತೆರೆದು, ಮೊದಲನೇ ನಂಬರಿಗೆ ಆ ನಾಯಿಯನ್ನು ಬರೆದ. ಅದಕ್ಕೂ ಮೊದಲು ಅಂತಹ ನಾಯಿಗಳು ಇರಲಿಲ್ಲವೇ? ಇದ್ದವು. ಬರೆದುಕೊಳ್ಳುವವರು ಇರಲಿಲ್ಲ ಅಷ್ಟೇ.

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಮುಧೋಳವನ್ನೇ ನೋಡಿ. ಬೇಟೆಗೆ ಓಡುವ ಆ ತೆಳ್ಳನೆಯ ನಾಯಿಯನ್ನು ಘೋರ್ಪಡೆ ಅರಸರು ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅದರ ಮರಿಗಳು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರಕ್ಕೂ ಹೋದವು. ತಮಾಷೆ ಕೇಳಿ: ಕೆನೆಲ್ ಕ್ಲಬ್ ಆಫ್ ಇಂಡಿಯಾದ ಪುಸ್ತಕದಲ್ಲಿ ಇದರ ಹೆಸರು ಕಾರವಾನ್ ಹೌಂಡ್, ಇನ್ನೊಂದು ಸಂಘದ ಪುಸ್ತಕದಲ್ಲಿ ಮುಧೋಳ ಹೌಂಡ್. ಗಡಿಯಲ್ಲಿ ಬದುಕುವ ನಮಗೆ ಇದು ಹೊಸದೇನಲ್ಲ. ಶಾಲಾ ದಾಖಲಾತಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳು ಪ್ರತಿ ವರ್ಷ ನಮ್ಮ ಕಣ್ಮುಂದೆ ಕಾಣುತ್ತಾರೆ.

ಆದ್ದರಿಂದ ಪ್ರದರ್ಶನ ನಡೆಸುವವರಲ್ಲಿ ನಮ್ಮ ವಿನಂತಿ ಇಷ್ಟೇ. ತಳಿಯ ವಿಭಾಗ ನಿಮ್ಮ ನಿಯಮದಂತೆ ಇರಲಿ. ಜೊತೆಗೆ ದುಡಿಯುವ ಸ್ಥಳೀಯ ಕಾವಲು ನಾಯಿಗಳಿಗೆ ಒಂದು ವಿಭಾಗ ಇಡಿ. ವಂಶಾವಳಿ ಕೇಳಬೇಡಿ, ಆರೋಗ್ಯ ನೋಡಿ, ಸ್ವಭಾವ ನೋಡಿ, ಯಜಮಾನನ ಮಾತು ಕೇಳುತ್ತದೆಯೇ ನೋಡಿ. ಅದೇ ಮೈದಾನದಲ್ಲಿ ಲಸಿಕೆ ಶಿಬಿರ ನಡೆಸಿ. ಕನ್ನಡ ಮಾತಾಡುವ ಹಳ್ಳಿಗಳಿಗೆ ಕರಪತ್ರ ಹಂಚುವುದಾದರೆ ನಿಯಮಗಳನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಕುರಿ ಕಾಯುವ ಮುದುಕನಿಗೂ ನಿಯಮ ತಿಳಿಯಲಿ ಎಂಬ ಆಸೆ ಮಾತ್ರ.

ಆದರೆ ಬೆರಳನ್ನು ಆ ಕಡೆ ತೋರಿಸಿ ಕುಳಿತರೆ ನಾವು ಶಿಕ್ಷಕರಾಗಿ ಉಳಿಯುವುದಿಲ್ಲ. ಅಂದು ಅವರು ಕೇಳಿದ ಎರಡು ಕಾಗದಗಳಲ್ಲಿ ಒಂದನ್ನು ಕೇಳಿದ್ದು ನೂರಕ್ಕೆ ನೂರು ಸರಿ, ಅದು ಲಸಿಕೆಯ ಕಾಗದ. ರೇಬೀಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಅಂದರೆ ನಮ್ಮ ಬೆಂಚಿನ ಮೇಲೆ ಕೂಡುವವರು! ತೋಳದ ಜೊತೆ, ಬೀದಿನಾಯಿಗಳ ಜೊತೆ ಕಾದಾಡಿ ಬರುವ ನಾಯಿಯ ಕೊರಳಿಗೆ ಕೈಹಾಕಿ ಮಲಗುವ ಹುಡುಗ ಅವನು. ವಿಜ್ಞಾನದ ಪಾಠದಲ್ಲಿ ಲೂಯಿ ಪಾಶ್ಚರ್ 1885ರಲ್ಲಿ ಒಂಬತ್ತು ವರ್ಷದ ಹುಡುಗನನ್ನು ಬದುಕಿಸಿದ ಕಥೆಯನ್ನು ಎಷ್ಟೋ ಸಲ ಹೇಳಿದ್ದೇವೆ. "ನಿಮ್ಮ ಮನೆಯ ನಾಯಿಗೆ ಸೂಜಿ ಹಾಕಿಸಿದ್ದೀರಾ?" ಎಂದು ಒಂದು ಸಲವೂ ಕೇಳಿರಲಿಲ್ಲ. ಅರ್ಜಿ ತುಂಬುವಾಗಲೂ ಹಿಂಬದಿಯ ನಿಯಮಗಳನ್ನು ಸರಿಯಾಗಿ ಓದಲಿಲ್ಲ. ಆ ಹುಡುಗನಿಗಾದ ಅವಮಾನದಲ್ಲಿ ನಮ್ಮ ಪಾಲೂ ಇದೆ.

ಮರುವಾರ ಕರಿಯಾನನ್ನು ಪಶು ಆಸ್ಪತ್ರೆಗೆ ಒಯ್ದು ಲಸಿಕೆ ಹಾಕಿಸಿದೆವು. ನಂತರ ತರಗತಿಯಲ್ಲಿ ಕೇಳಿದರೆ ನಾಯಿ ಸಾಕಿದ ಹೆಚ್ಚಿನ ಮನೆಗಳಲ್ಲಿ ಇದೇ ಕಥೆ. ಪಾಲಕರ ಸಭೆಯಲ್ಲಿ ಹೇಳಿದೆವು. ನಾಯಿ ಕಚ್ಚಿದರೆ ಸುಣ್ಣ, ಖಾರದಪುಡಿ ಹಚ್ಚಬೇಡಿ; ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ನೇರವಾಗಿ ಸರಕಾರಿ ದವಾಖಾನೆಗೆ ಹೋಗಿ; ಹೇಳಿದ ದಿನಗಳಂದು ಎಲ್ಲ ಸೂಜಿಗಳನ್ನೂ ತಪ್ಪದೆ ಹಾಕಿಸಿಕೊಳ್ಳಿ. ಮನೆಯ ನಾಯಿಯೇ ಕಚ್ಚಿದ್ದು ಎಂದು ಸುಮ್ಮನಿರಬೇಡಿ.

ಇನ್ನೊಂದು ಕೆಲಸವನ್ನೂ ಶುರು ಮಾಡಿದ್ದೇವೆ. ಇನ್ನೂರು ಪುಟದ ಒಂದು ನೋಟುಬುಕ್ಕು. ಹಿಂಡಿನ ನಾಯಿಗಳ ಹೆಸರು, ಬಣ್ಣ, ಅವ್ವನ ಹೆಸರು, ಗೊತ್ತಿದ್ದರೆ ಅಪ್ಪನ ಹೆಸರು, ಹುಟ್ಟಿದ ತಿಂಗಳು, ಲಸಿಕೆಯ ತಾರೀಖು. ಬರೆಯುವವರು ಮಕ್ಕಳು, ಬರೆಯುವುದು ಕನ್ನಡದಲ್ಲಿ. ಈ ಪುಸ್ತಕವನ್ನು ಯಾವ ಕ್ಲಬ್ಬೂ ಮಾನ್ಯ ಮಾಡುವುದಿಲ್ಲ, ನಮಗೆ ಗೊತ್ತು. ಆದರೆ ಮುಂದಿನ ವರ್ಷ ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ನಮ್ಮ ಹುಡುಗ ಮುಖ ಮುಖ ನೋಡುವುದಿಲ್ಲ.

ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ ಕಡೆಯ ಕನ್ನಡ ಶಾಲೆಗಳ ಬಂಧುಗಳೇ, ನಿಮ್ಮ ಊರಲ್ಲೂ ಹಿಂಡುಗಳಿವೆ, ಕಾಯುವ ನಾಯಿಗಳಿವೆ. ನೀವೂ ಒಂದು ನೋಟುಬುಕ್ಕು ತೆರೆಯಬಾರದೇಕೆ?

ಮೊದಲನೇ ಪುಟಕ್ಕೆ ಯಾರನ್ನು ಬರೆಯಬೇಕು ಎಂದು ನಾವು ಕೇಳಲೇ ಇಲ್ಲ. ಹುಡುಗನೇ ಗುಂಡಗೆ ಅಕ್ಷರದಲ್ಲಿ ಬರೆದು ತಂದಿದ್ದ. ನಂಬರು 1, ಕರಿಯಾ. ಅವ್ವ ಬೆಳ್ಳಿ. ಅಪ್ಪನ ಹೆಸರಿನ ಮುಂದೆ ಮಾತ್ರ ಜಾಗ ಬಿಟ್ಟಿದ್ದ. ಕೇಳಿದರೆ, "ಆಜೂಬಾಜೂ ಹಿಂಡಿನವರನ್ನ ಕೇಳಾಕತ್ತೇನ್ರಿ ಗುರೂಜಿ, ಸಿಕ್ಕ ಕೂಡ್ಲೇ ಬರೀತೇನ್ರಿ" ಎಂದ.