ನೌಕರಿ ಹುಡುಕೋದಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು

ಕೃಷಿ ಪತ್ರಿಕೆಯಲ್ಲಿ ನೌಕರಿ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಓದಿದ ಮಕ್ಕಳು ಹೊಲಕ್ಕೆ ಬರಲಿ ಅಂತ ಬರೆಯೋದು ಬಿಟ್ಟು ಇವನೇನು ಊರು ಬಿಡೋಕೆ ಹೇಳ್ತಾನೆ ಅಂತ ಬೈದರೂ ಬೈಯಬಹುದು. ನಾನು ಚಳ್ಳಕೆರೆ ಕಡೆಯ ಖುಷ್ಕಿ ರೈತ. ಏಳು ಎಕರೆ ಹೊಲ, ಅದರಲ್ಲಿ ಶೇಂಗಾ, ಅಕ್ಕಡಿಗೆ ತೊಗರಿ, ಜೊತೆಗೆ ಒಂದಿಪ್ಪತ್ತು ಕುರಿ. ನೀರಾವರಿ ಇಲ್ಲ. ನಾನು ಓದಿದ್ದು ಏಳನೇ ಕ್ಲಾಸು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕು ಬರ ಅಂತ ಸರ್ಕಾರವೇ ಹೇಳಿತು. ಆ ವರ್ಷ ನಮ್ಮ ಹೊಲದಲ್ಲಿ ಬಿತ್ತಿದ ಬೀಜವೂ ವಾಪಸ್ ಬರಲಿಲ್ಲ. ಆದರೂ ಮುಂದಿನ ಮುಂಗಾರಿಗೆ ಬೀಜಕ್ಕೆ ನಾನು ಸಾಲ ಮಾಡಲಿಲ್ಲ. ಮಗಳ ಸಂಬಳ ಇತ್ತು. ನಮ್ಮಂಥ ಎಷ್ಟೋ ಮನೆಗಳಲ್ಲಿ ಹೊಲ ಇನ್ನೂ ಮಾರಾಟ ಆಗದೆ ಉಳಿದಿರೋದು ಮನೇಲಿ ಒಬ್ಬರಿಗೆ ತಿಂಗಳ ಸಂಬಳ ಬರೋದರಿಂದ. ಹಂಗಾಗಿ ನೌಕರಿ ಮಾತೂ ನಮ್ಮ ಬೇಸಾಯದ ಮಾತೇ.

ನಾನು ಹೇಳಬೇಕಾದ್ದು ಇಷ್ಟೇ. ಮಕ್ಕಳನ್ನು ಓದಿಸೋಕೆ ಸಾಲ ಮಾಡ್ತೀವಿ. ಓದು ಮುಗಿದ ಮೇಲೆ ಕೈಬಿಡ್ತೀವಿ. ಬೋರ್ ಕೊರೆಸಿ ಮೋಟರ್ ಇಳಿಸದೆ ಕೂತಂಗೆ ಇದು. ನೌಕರಿ ಹುಡುಕೋದೂ ಒಂದು ಕೆಲಸ. ಅದಕ್ಕೆ ತಯಾರಿ ಬೇಕು, ಲೆಕ್ಕ ಬೇಕು, ಮನೆಯವರ ಕೈ ಬೇಕು. ಇದನ್ನು ನಾನು ಕಲಿತದ್ದು ದುಡ್ಡು ಕಳಕೊಂಡು.

ಮಗನ ವಿಷಯದಲ್ಲಿ ಮಾಡಿದ ತಪ್ಪು

ದೊಡ್ಡ ಮಗ 2016ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಮುಗಿಸಿ ಮೂರು ವರ್ಷ ಮನೇಲಿದ್ದ. ಸುಮ್ಮನಿದ್ದ ಅನ್ನೋಕೆ ಬರಲ್ಲ. ಫೋನಿನಲ್ಲಿ ಅರ್ಜಿ ಹಾಕ್ತಿದ್ದ. ಎಲ್ಲಿಗೆ ಹಾಕಿದ, ಯಾವಾಗ ಹಾಕಿದ, ಕೊನೆಯ ದಿನ ಯಾವುದು ಅಂತ ಅವನಿಗೇ ನೆನಪಿರ್ತಿರಲಿಲ್ಲ. ನಾನು ದಿನಾ ಕೇಳ್ತಿದ್ದ ಮಾತು ಒಂದೇ, "ಏನಾಯ್ತಪ್ಪಾ ಕೆಲಸ?" ಆ ಮಾತಿಗೆ ಅವನು ಮುಖ ತಿರುಗಿಸಿಕೊಂಡು ಹೋಗ್ತಿದ್ದ. ಹೇಗೆ ಹುಡುಕ್ತಿದೀಯ ಅಂತ ಒಂದು ದಿನ ಕೂತು ಕೇಳಲಿಲ್ಲ. ನಾನು ಓದಿದವನಲ್ಲ, ನನಗೇನು ಗೊತ್ತಾಗುತ್ತೆ ಅಂದ್ಕೊಂಡಿದ್ದೆ.

2019ರಲ್ಲಿ ಪೇಟೆಯ ಒಬ್ಬ ಏಜೆಂಟ್ ಗಂಟು ಬಿದ್ದ. ಕೇಂದ್ರ ಸರ್ಕಾರದ 'ಸಿ' ದರ್ಜೆ ಕೆಲಸ, ಇಂಟರ್‌ವ್ಯೂ ನಾವೇ ನೋಡ್ಕೋತೀವಿ ಅಂದ. ಒಂದು ಲಕ್ಷ ಎಂಬತ್ತು ಸಾವಿರ ಕೊಟ್ಟೆ. ಜೋಡಿ ಎತ್ತು, ಹದಿನಾಲ್ಕು ಕುರಿ ಮಾರಿ, ಉಳಿದದ್ದಕ್ಕೆ ಬಡ್ಡಿ ಸಾಲ. ದುಡ್ಡಿನ ಜೊತೆಗೆ ಮಗನ ಅಸಲಿ ಅಂಕಪಟ್ಟಿಗಳನ್ನೂ ಅವನ ಕೈಗೆ ಕೊಟ್ಟೆವು. ಆರು ತಿಂಗಳಾದ ಮೇಲೆ ಅವನ ಫೋನು ಬಂದಾಯ್ತು. ದುಡ್ಡು ಹೋಯಿತು. ಅಂಕಪಟ್ಟಿ ಮತ್ತೆ ತೆಗೆಸೋಕೆ ಮಗ ತಿಂಗಳುಗಟ್ಟಲೆ ಅಲೆದ.

ಆಮೇಲೆ ತಿಳಿದದ್ದು ಏನಂದ್ರೆ, ಕೇಂದ್ರ ಸರ್ಕಾರ 'ಸಿ' ದರ್ಜೆ ಹಾಗೂ ಗೆಜೆಟೆಡ್ ಅಲ್ಲದ 'ಬಿ' ದರ್ಜೆ ಹುದ್ದೆಗಳಿಗೆ ಇಂಟರ್‌ವ್ಯೂವನ್ನೇ 2016ರ ಜನವರಿ 1ರಿಂದ ತೆಗೆದುಹಾಕಿತ್ತು. ಇಲ್ಲದ ಇಂಟರ್‌ವ್ಯೂವನ್ನು ನೋಡ್ಕೋತೀನಿ ಅಂದವನಿಗೆ ನಾನು ಎತ್ತು ಮಾರಿ ದುಡ್ಡು ಕೊಟ್ಟಿದ್ದೆ! ನಮ್ಮ ರಾಜ್ಯದಲ್ಲೂ 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಕರೆದಾಗ ಬರೀ ಲಿಖಿತ ಪರೀಕ್ಷೆ, ಇಂಟರ್‌ವ್ಯೂ ಇರಲಿಲ್ಲ. ಲಂಚದ ದಾರಿ ಹಿಡಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ಅಕ್ರಮ ಆಗಿದೆ ಅಂತ 2022ರಲ್ಲಿ ರದ್ದಾಯಿತು. ಮತ್ತೆ ಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗರಿಗೂ ಅಷ್ಟು ವರ್ಷ ಹೋಯಿತು. ಆದ್ದರಿಂದ ಯಾವ ಹುದ್ದೆ, ಆಯ್ಕೆ ಹೇಗೆ, ಇಂಟರ್‌ವ್ಯೂ ಇದೆಯೋ ಇಲ್ಲವೋ ಅನ್ನೋದನ್ನ ಅಧಿಸೂಚನೆಯಲ್ಲಿ ಓದದೆ ಯಾರ ಮಾತನ್ನೂ ನಂಬಬಾರದು. ಮಗ ಓದಿ ಹೇಳಲಿ, ಅಪ್ಪ ಕೂತು ಕೇಳಲಿ.

ಮಗಳು ಮಾಡಿದ ಪುಸ್ತಕ

ಮಗಳು 2022ರಲ್ಲಿ ಬಿ.ಕಾಂ. ಮುಗಿಸಿದಳು. ಅಣ್ಣನ ಕಥೆ ನೋಡಿದ್ದಳು. ನಾನು ಬಹಳ ವರ್ಷದಿಂದ ಒಂದು ಮಳೆ ಪುಸ್ತಕ ಬರೀತೀನಿ. ಯಾವ ಮಳೆ ಯಾವ ದಿನ ಬಂತು, ಎಷ್ಟು ಹದ ಆಯಿತು, ಯಾವ ಹೊಲಕ್ಕೆ ಎಷ್ಟು ಸೇರು ಬೀಜ ಹೋಯಿತು, ಇಷ್ಟೇ. ಮಗಳು ಒಂದು ದಿನ ಅದನ್ನು ತಿರುವಿ ನೋಡಿ, "ಅಪ್ಪಾ, ನಾನೂ ಹಿಂಗೇ ಬರೀತೀನಿ" ಅಂದಳು. ನೂರು ಪುಟದ ನೋಟುಪುಸ್ತಕ ತಂದು ಗೆರೆ ಹಾಕಿದಳು. ಅರ್ಜಿ ಹಾಕಿದ ದಿನ, ಎಲ್ಲಿಗೆ, ಏನು ಕೆಲಸ, ಕೊನೆಯ ದಿನ, ಏನೇನು ಕಾಗದ ಕಳಿಸಿದ್ದು, ಯಾರಿಗೆ ಫೋನು ಮಾಡಬೇಕು, ಏನು ಉತ್ತರ ಬಂತು. ಪ್ರತಿ ಭಾನುವಾರ ಸಂಜೆ ನನ್ನ ಮುಂದೆ ಕೂತು ಓದ್ತಿದ್ದಳು. ಉತ್ತರ ಬರದ ಕಡೆಗೆ ಸೋಮವಾರ ಫೋನು ಮಾಡ್ತಿದ್ದಳು.

ಒಂಬತ್ತು ತಿಂಗಳಲ್ಲಿ ಆ ಪುಸ್ತಕದಲ್ಲಿ 31 ಅರ್ಜಿ ಆದವು. ಕರೆ ಬಂದದ್ದು ಒಂಬತ್ತು ಕಡೆಯಿಂದ. ಇಂಟರ್‌ವ್ಯೂಗೆ ಹೋದದ್ದು ಐದು ಕಡೆ. ಕೆಲಸ ಕೊಡ್ತೀವಿ ಅಂದದ್ದು ಇಬ್ಬರು. ಹಿಂಗೆ ಬರೆದಿಟ್ಟದ್ದರಿಂದ ಒಂದು ಉಪಕಾರ ಆಯಿತು. ಮೂವತ್ತೊಂದಕ್ಕೆ ಇಪ್ಪತ್ತೆರಡು ಕಡೆ ಉತ್ತರವೇ ಬರಲ್ಲ ಅನ್ನೋದು ಲೆಕ್ಕದಲ್ಲಿ ಕಂಡಾಗ ಅದು ತನ್ನ ಕೊರತೆ ಅಂತ ಅವಳಿಗೆ ಅನ್ನಿಸಲಿಲ್ಲ. ಮಗ ಪ್ರತಿ ಸಲ ತಾನೇ ದಡ್ಡ ಅಂದ್ಕೊಂಡು ಕುಗ್ಗಿದ್ದ.

ಅವಳು ಒಂದೇ ಬೆಳೆ ನಂಬಲಿಲ್ಲ. ಸರ್ಕಾರಿ ಪರೀಕ್ಷೆಗೆ ಬೆಳಿಗ್ಗೆ ಎರಡು ಗಂಟೆ ಓದ್ತಿದ್ದಳು. ಅದರ ಜೊತೆಗೇ ಖಾಸಗಿ ಕಡೆಗೂ ಅರ್ಜಿ ಹಾಕ್ತಿದ್ದಳು. ನಾವು ಶೇಂಗಾ ಸಾಲಿನ ನಡುವೆ ತೊಗರಿ ಅಕ್ಕಡಿ ಹಾಕೋದು ಯಾಕೆ? ಒಂದು ಕೈ ಕೊಟ್ಟರೆ ಇನ್ನೊಂದು ಇರಲಿ ಅಂತ. ನೌಕರಿಗೂ ಅದೇ.

ಕಾಗದಗಳನ್ನು ಮೊದಲು ಸರಿ ಮಾಡಿ

ಕರೆ ಬಂದ ಮೇಲೆ ಕಾಗದ ಹುಡುಕಿದರೆ ಹದ ತಪ್ಪಿದ ಮೇಲೆ ಕೂರಿಗೆ ರಿಪೇರಿ ಮಾಡಿಸಿದಂಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮುಂದಿನ ಓದಿನ ಅಂಕಪಟ್ಟಿಗಳು, ಆಧಾರ್, ಜಾತಿ ಆದಾಯ ಪ್ರಮಾಣಪತ್ರ ಎಲ್ಲಾ ಒಂದೇ ಚೀಲದಲ್ಲಿರಲಿ. ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಎಲ್ಲಾ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಮಗಳ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್ಲು, ಆಧಾರ್‌ನಲ್ಲಿ ಇನ್ನೊಂದು. ಸರಿ ಮಾಡಿಸೋಕೆ ಒಂದು ತಿಂಗಳು, ಮೂರು ಸಲ ಓಡಾಟ.

ಹಳ್ಳಿ ಮಕ್ಕಳು ಮರೆಯೋದು ಇನ್ನೆರಡು ಇವೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇದೆ. ಎರಡಕ್ಕೂ ಓದಿದ ಶಾಲೆಯ ಕಾಗದ ಬೇಕು. ಮುಖ್ಯೋಪಾಧ್ಯಾಯರ ಹತ್ರ, ಬಿಇಒ ಕಚೇರಿಯಲ್ಲಿ ಸಹಿ ಆಗಬೇಕು. ಇದನ್ನು ಓದು ಮುಗಿದ ವರ್ಷವೇ ಮಾಡಿಸಿಡಿ. ಅಸಲಿ ಕಾಗದ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಅಸಲಿ ವಾಪಸ್ ಚೀಲಕ್ಕೆ ಹಾಕಿ.

ಇನ್ನೊಂದು ಮಾತು ಐಟಿಐ, ಡಿಪ್ಲೊಮಾ ಮಕ್ಕಳ ತಂದೆತಾಯಿಗೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡ್ತಾರೆ. ಓದು ಮುಗಿದ ಹೊಸದರಲ್ಲೇ ಸೇರಿಕೊಳ್ಳಬೇಕು. ನನ್ನ ಮಗ ಮನೇಲಿ ಕಳೆದ ವರ್ಷಗಳಲ್ಲಿ ಆ ಹದ ತಪ್ಪಿಹೋಯಿತು.

ಅಂಗಳದಲ್ಲಿ ಇಂಟರ್‌ವ್ಯೂ

ಬಿತ್ತೋಕೆ ಮುಂಚೆ ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ನೋಡ್ತೀವಿ. ಮಗಳಿಗೂ ಹಂಗೇ ಮಾಡಿದೆವು. ಸಂಜೆ ಊಟಕ್ಕೆ ಮುಂಚೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ನಾನೇ ಸಾಹೇಬ ಆಗ್ತಿದ್ದೆ. ನನಗೆ ಗೊತ್ತಿದ್ದ ಪ್ರಶ್ನೆ ನಾಲ್ಕೈದೇ. ನಿನ್ನ ಬಗ್ಗೆ ಹೇಳಮ್ಮ. ಈ ಕೆಲಸ ಯಾಕೆ ಬೇಕು? ನಿನಗೆ ಏನು ಬರುತ್ತೆ? ಸಂಬಳ ಎಷ್ಟು ಬೇಕು? ಆರು ತಿಂಗಳಿಗೆ ಬಿಟ್ಟು ಹೋಗಲ್ವಾ? ಮೊದಲ ದಿನ ನಕ್ಕಳು. ಎರಡನೇ ದಿನ ತೊದಲಿದಳು. ವಾರ ಕಳೆಯುವಷ್ಟರಲ್ಲಿ ಸರಾಗ ಆಯಿತು. ಏಳನೇ ಕ್ಲಾಸಿನ ಅಪ್ಪನಿಂದ ಆಗದ ಕೆಲಸ ಅಲ್ಲ ಇದು. ನನಗೆ ಅರ್ಥ ಆಗುವಂಗೆ ಹೇಳಿದರೆ ಸಾಹೇಬರಿಗೂ ಅರ್ಥ ಆಗುತ್ತೆ.

ಅಲ್ಲೇ ಒಂದು ದಿನ ಮಗ ಒಂದು ಮಾತು ಹೇಳಿದ. ಅವನು ಹಿಂದೆ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋದಾಗ, "ನಿಮ್ಮ ತಂದೆ ಏನು ಮಾಡ್ತಾರೆ?" ಅಂತ ಕೇಳಿದ್ದರಂತೆ. ಇವನು "ಬಿಸಿನೆಸ್" ಅಂದನಂತೆ. "ಏನು ಬಿಸಿನೆಸ್?" ಅಂದಾಗ ಬಾಯಿ ಕಟ್ಟಿತಂತೆ. ಅದಾದ ಮೇಲೆ ಯಾವ ಪ್ರಶ್ನೆಗೂ ಸರಿಯಾಗಿ ಉತ್ತರ ಬರಲಿಲ್ಲ ಅಂದ. ಇಷ್ಟು ವರ್ಷ ಹೇಳಿರಲಿಲ್ಲ. ನಾನು ಏನೂ ಅನ್ನಲಿಲ್ಲ. ಬೇಸಾಯ ಅಂದ್ರೆ ದರಿದ್ರ, ನೀನಾದರೂ ಪಾರಾಗು ಅಂತ ಚಿಕ್ಕಂದಿನಿಂದ ಹೇಳಿ ಬೆಳೆಸಿದವನು ನಾನೇ. ಅವನು ಅಲ್ಲಿ ಮುಚ್ಚಿಟ್ಟದ್ದು ನಾನು ಕಲಿಸಿದ ನಾಚಿಕೆಯನ್ನ.

ಮಗಳಿಗೆ ಹೇಳಿದೆ, "ಇದ್ದದ್ದು ಇದ್ದಂಗೆ ಹೇಳಮ್ಮ." ತುಮಕೂರಿನ ಹೊರಗಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೋದಾಗ, ಅನುಭವ ಏನಿದೆ ಅಂತ ಕೇಳಿದರಂತೆ. ಶೇಂಗಾ ಮಾರೋವಾಗ ತೂಕ, ಹಮಾಲಿ, ಗಾಡಿ ಬಾಡಿಗೆ ಎಲ್ಲಾ ಕಳೆದು ಕೈಗೆ ಎಷ್ಟು ಬಂತು ಅಂತ ಮೂರು ವರ್ಷ ತಾನೇ ಬರೆದದ್ದು, ಅವ್ವನ ಸ್ತ್ರೀಶಕ್ತಿ ಸಂಘದ ಪುಸ್ತಕ ನೋಡಿಕೊಂಡದ್ದು ಹೇಳಿದಳಂತೆ. ಕಂಪ್ಯೂಟರ್ ಲೆಕ್ಕದ ಒಂದು ಪ್ರಶ್ನೆಗೆ, "ಗೊತ್ತಿಲ್ಲ ಸಾರ್, ತೋರಿಸಿದರೆ ಕಲೀತೀನಿ" ಅಂದಳಂತೆ. ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ ಹದಿಮೂರೂವರೆ ಸಾವಿರ.

ಚಿಕ್ಕ ಪುಟ್ಟ ವಿಷಯ ಕೂಡ ಮುಖ್ಯ. ಅವರು ಏನು ವ್ಯಾಪಾರ ಮಾಡ್ತಾರೆ ಅಂತ ಮೊದಲೇ ಕೇಳಿ ತಿಳ್ಕೊಂಡು ಹೋಗಬೇಕು. ಬಸ್ಸು ಎಷ್ಟೊತ್ತಿಗೆ ಅಂತ ಹಿಂದಿನ ದಿನವೇ ವಿಚಾರಿಸಬೇಕು. ನಮ್ಮ ಕಡೆ ಒಂದು ಬಸ್ಸು ತಪ್ಪಿದರೆ ಅರ್ಧ ದಿನ ಹೋಯಿತು. ಒಗೆದ ಬಟ್ಟೆ ಸಾಕು, ಹೊಸದು ಬೇಡ. ಜೆರಾಕ್ಸ್ ಎರಡು ಜೊತೆ, ಒಂದು ಪೆನ್ನು ಇರಲಿ. ವಾಪಸ್ ಬಂದ ರಾತ್ರಿಯೇ ಏನೇನು ಕೇಳಿದರು ಅಂತ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಲ ಅದೇ ಪ್ರಶ್ನೆ ಬರುತ್ತೆ. ಸೇರೋಕೆ ಮುಂಚೆ ಕಾಗದದಲ್ಲಿ ಬರೆದು ಕೊಡ್ತೀರಾ, ಪಿಎಫ್, ಇಎಸ್‌ಐ ಇದೆಯಾ, ನಾನು ನಿಮ್ಮ ಲೆಕ್ಕದಲ್ಲೋ ಕಂಟ್ರಾಕ್ಟರ್ ಲೆಕ್ಕದಲ್ಲೋ ಅಂತ ಕೇಳೋಕೆ ಹಿಂಜರಿಯಬಾರದು. ಮಗಳಿಗೆ ಕೆಲಸ ಕೊಡ್ತೀವಿ ಅಂದ ಇನ್ನೊಬ್ಬರು ಇದಕ್ಕೆ ಉತ್ತರ ಕೊಡಲಿಲ್ಲ. ಅಲ್ಲಿಗೆ ಹೋಗಲಿಲ್ಲ.

ಊರಿನ ಮಾತು

ಇದೆಲ್ಲಾ ಮಾಡಿದರೆ ಎಲ್ಲರಿಗೂ ನೌಕರಿ ಸಿಗುತ್ತೆ ಅಂತ ನಾನು ಹೇಳಲ್ಲ. ಹೊಲ ಹದ ಮಾಡಿದರೆ ಮಳೆ ಬರಲೇಬೇಕು ಅಂತ ಎಲ್ಲಿದೆ? ಮಗಳು 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆ ಬರೆದಳು, ಆಯ್ಕೆ ಆಗಲಿಲ್ಲ. ಈಗಲೂ ಓದ್ತಾಳೆ. ಮಗ ಈಗ ಬೆಂಗಳೂರು ಕಡೆ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಇದ್ದಾನೆ. ತಂಗಿಯ ಪುಸ್ತಕದ ಥರ ತಾನೂ ಒಂದು ಇಟ್ಟಿದ್ದಾನೆ. ಆದರೆ ಕಳೆದ ವರ್ಷಗಳನ್ನು ಅವನಿಗೆ ನಾನು ವಾಪಸ್ ಕೊಡೋಕೆ ಆಗಲ್ಲ. ಎತ್ತು ಮಾರಿದ ಸಾಲ ತೀರಿದ್ದು ಮೊನ್ನೆ ಮೊನ್ನೆ.

ನಮ್ಮೂರಲ್ಲಿ ಓದು ಮುಗಿಸಿ ಕಟ್ಟೆ ಮೇಲೆ ಕೂತ ಹುಡುಗರನ್ನು ಕಂಡರೆ ಸೋಮಾರಿಗಳು ಅಂತ ಬೈತೀವಿ. ಬೈಯೋದು ಬಿಟ್ಟು ಒಂದು ನೋಟುಪುಸ್ತಕ ತಂದುಕೊಡಿ. ಭಾನುವಾರ ಸಂಜೆ ಅರ್ಧ ಗಂಟೆ ಜೊತೆಗೆ ಕೂತ್ಕೊಳ್ಳಿ. ಹೊರಗೆ ಕೆಲಸದಲ್ಲಿರೋ ಊರಿನ ಮಕ್ಕಳಿಗೆ ಫೋನು ಮಾಡಿ, "ಕೆಲಸ ಕೊಡಿಸಪ್ಪ" ಅನ್ನಬೇಡಿ. "ಅಲ್ಲಿ ಯಾರು ಜನ ತಗೋತಿದಾರೆ, ಏನು ಕೇಳ್ತಾರೆ" ಅಂತ ಕೇಳಿ, ಪುಸ್ತಕದಲ್ಲಿ ಬರೆಸಿ. ದುಡ್ಡು ಕೇಳಿದವನನ್ನು ಬಾಗಿಲಿಂದಲೇ ಕಳಿಸಿ.

ನಿಮ್ಮ ಮನೆಯಲ್ಲಿ ಬೇರೆ ರೀತಿ ಮಾಡಿ ಅನುಕೂಲ ಆಗಿದ್ದರೆ, ಇಲ್ಲಾ ನನ್ನಂಗೆ ಮೋಸ ಹೋಗಿದ್ದರೆ, ನಾಚಿಕೊಳ್ಳದೆ ಪತ್ರಿಕೆಗೆ ಬರೆಯಿರಿ. ಬೀಜ ಗೊಬ್ಬರದಲ್ಲಿ ಮೋಸ ಆದರೆ ಬರೀತೀವಲ್ಲ, ಇದನ್ನೂ ಬರೆಯೋಣ.